ಬಳೆಗಾರನ ನೆರಳು

ಆ ನೆರಳು ಮೊದಲಿನಿಂದಲೂ ಎಡಗಡೆಗೇ ಇತ್ತು, ಇವನೇ ಗೊಂದಲ ಮಾಡಿಕೊಂಡಿದ್ದಾನೆ. ಕೊಟ್ಟೂರಿನಲ್ಲಿ ಎಲ್ಲರೂ ನನ್ನ ಬಗ್ಗೆ ಹೇಳುವುದು ಇದನ್ನೇ. ಬೇರೆಯವರ ವಿಷಯವಾಗಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ದೆವ್ವ, ಮಾಟ ಎಂದವರ ಬಾಯಿಯನ್ನು ಕಾಲೇಜಿನ ಚರ್ಚಾಕೂಟಗಳಲ್ಲಿ ಮುಚ್ಚಿಸಿದವನು ನಾನು. ಆದರೆ ಆ ನೆರಳನ್ನೇ ಹಿಡಿದು ಒಂದು ತಾಸು ವಾದ ಮಾಡಿದ್ದೇನಲ್ಲ! ಅದು ಬಲಗಡೆಗಿತ್ತು.

ಗೆಳೆಯ ರಫೀಕನ ಪಡಸಾಲೆಯಲ್ಲಿ, ಬೀದಿ ಕಡೆಯ ಗೋಡೆಗೆ, ಒಂದು ಹಳೆಯ ಚಿತ್ರವಿತ್ತು. ಬಳೆಗಳ ಮಲಾರ ಹೊತ್ತು ನಿಂತ ಬಳೆಗಾರ. ಗಡ್ಡ, ರುಮಾಲಿನ ಅಂಚು ಎಲ್ಲ ಮೊಗಲರ ಕಾಲದಿಂದ ಬಂದ ಕೈಚಳಕ, ಕೂದಲೆಳೆಯಂಥ ಗೆರೆ. ಕಾಲಬುಡದಲ್ಲಿ ಮಾತ್ರ ನೆರಳು. ಅದು ಇಂಗ್ಲಿಷ್ ದೊರೆಗಳು ಕೇಳಿ ಹಾಕಿಸಿದ್ದು. ಚಿತ್ರದವನು ಆ ಮನೆಯ ಹಿರಿಯನಂತೆ. ರಫೀಕನ ತಾಯಿ ದಿನಾ ಒಲೆ ಹಚ್ಚುವ ಮುಂಚೆ ಚಿತ್ರದ ಎಡಕ್ಕೆ, ಪಕ್ಕದ ಗೋಡೆಯಲ್ಲಿದ್ದ ಕಿಟಕಿ ತೆಗೆದು, "ಬೆಳಕಾತ್ರಿ, ಅಜ್ಜಾರ," ಎನ್ನುತ್ತಿದ್ದರು.

ರಫೀಕನಿಗೆ ಆ ಗೋಡೆ ಒಡೆದು, ಶಟರ್ ಹಾಕಿ, ಪಂಪ್‌ಸೆಟ್ ರಿಪೇರಿ ಅಂಗಡಿ ಇಡಬೇಕಿತ್ತು. ಚಿತ್ರವನ್ನು ಎದುರಿನ ಗೋಡೆಗೆ ಹಾಕಲು ತಾಯಿ ಒಪ್ಪಲಿಲ್ಲ. ಅವನು ನನ್ನನ್ನು ಕರೆದ. "ಊರೂರಾಗ ಕಪ್ ಗೆದ್ದೀಯಲ್ಲಲೇ, ನಮ್ಮಮ್ಮನ್ನ ಗೆಲ್ಲು ನೋಡಾನ."

"ಆ ಕಿಟಕಿ ಬೆಳಕಿಗೇ ಅವರ ನೆರಳು ಬಿದ್ದೈತಪ್ಪಾ," ಎಂದರು ಆಕೆ. "ಆಕಡಿ ಹಾಕಿದ್ರ ಅವರಿಗೆ ಹೆಂಗ ಒಗ್ಗತೈತಿ?"

"ಅಮ್ಮಾ, ಅದು ಬಣ್ಣ. ದೊರಿ ಬಲಕ್ಕ ಬಳಿ ಅಂದ, ಬಲಕ್ಕ ಬಳದಾರ. ಎಡಕ್ಕ ಅಂದಿದ್ರ ಎಡಕ್ಕ!"

ರಫೀಕ ತೊಡೆ ತಟ್ಟಿ ನಕ್ಕ. ಕಡೆಗೆ ಆಕೆ, "ನಿನಗ ಮಾತು ಬರ್ತಾವ, ನನಗ ಬರಂಗಿಲ್ಲ," ಎಂದು ಎದ್ದು ಹೋದರು. ಅದನ್ನು ಒಪ್ಪಿಗೆ ಎಂದುಕೊಂಡೆ. ಚಿತ್ರವನ್ನು ನಾನೇ ಎದುರಿನ ಗೋಡೆಗೆ ಹಾಕಿದೆ. ಸಂಜೆಯೊಳಗೆ ಬೀದಿ ಕಡೆಯ ಗೋಡೆ ಬಿತ್ತು.

ಮರುದಿನ ಬೆಳಿಗ್ಗೆ ಹೋದಾಗ ಆಕೆ ಚಿತ್ರದ ಮುಂದೆ ನಿಂತಿದ್ದರು. ಕಿಟಕಿ ಈಗ ಚಿತ್ರದ ಬಲಕ್ಕಿತ್ತು. ನೆರಳು ಎಡಕ್ಕೆ ಬಿದ್ದಿತ್ತು. ಮಲಾರ ಮಾತ್ರ ಮೊದಲಿನ ಹೆಗಲ ಮೇಲೇ ಇತ್ತು, ಅಂದರೆ ಚಿತ್ರ ಕನ್ನಡಿಯಂತೆ ತಿರುಗಿರಲಿಲ್ಲ. ಯಾರಾದರೂ ತಿದ್ದಿದ್ದರೆ ಚಿತ್ರದ ಗಾಜಿನ ಕಟ್ಟು ಬಿಚ್ಚಬೇಕಿತ್ತು. ಹಿಂದಿನ ಅಂಟುಕಾಗದ ಹರಿದಿರಲಿಲ್ಲ. ಬೇರೆ ವಾದ ನನಗೆ ಇಂದಿಗೂ ಸಿಕ್ಕಿಲ್ಲ.

"ಅಜ್ಜಾರು ಒಗ್ಗಿಕೆಂಡ್ರು," ಎಂದರು ಆಕೆ. "ನನಗ ಒಗ್ಗಂಗಿಲ್ಲಪ್ಪಾ."

ಅದೇ ವಾರ ಹಗರಿಬೊಮ್ಮನಹಳ್ಳಿಗೆ, ಮಗಳ ಮನೆಗೆ ಹೋದರು. ತಿರುಗಿ ಬಂದಿಲ್ಲ. ಆ ಮನೆಯಿಂದ ಆಕೆಯನ್ನು ಹೊರಡಿಸಿದ್ದು ನನ್ನ ನಾಲಿಗೆ.

ರಫೀಕ ಮಾತ್ರ, "ಎಡಕ್ಕ ಇತ್ತಲೇ, ನಿನಗ ತಲಿ ಕೆಟ್ಟೈತಿ," ಎನ್ನುತ್ತಾನೆ. ಊರಿಗೆ ಹಬ್ಬಿಸಿದವನೂ ಅವನೇ. ಹೋದ ತಿಂಗಳು ಅವನ ಅಂಗಡಿಗೆ ಹೋಗಿದ್ದೆ. ಕಿಟಕಿ ಇದ್ದಲ್ಲಿ ಇಟ್ಟಿಗೆ ಕಟ್ಟಿ, ಮೇಲೆ ಸಿಮೆಂಟು ಮೆತ್ತಿದ್ದ. ನಾನು ವಾದ ಮಾಡಲಿಲ್ಲ, ಒಂದೇ ಮಾತು ಕೇಳಿದೆ:

"ಮೊದಲಿಂದ ಎಡಕ್ಕ ಇತ್ತಂದ್ರ, ಮತ್ತ ಆ ಕಿಟಕಿ ಯಾಕ ಮುಚ್ಚಿಸಿದ್ಯೋ, ರಫೀಕ?"