ಎರಡು ಸಲ ಕುದಿಸಿದ ಸಾರು

ಚನ್ನಬಸಯ್ಯನವರು ಇನ್‌ಕ್ಯುಬೇಟರಿನಿಂದ ಗಾಜಿನ ನಳಿಗೆಯೊಂದನ್ನು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಮೆಲ್ಲಗೆ ಓರೆ ಮಾಡಿದರು. ಸ್ಟ್ರೆಪ್ಟೋಕಾಕಸ್ ಬೆಳೆದಿದ್ದರೆ ತಳದಲ್ಲಿ ಹಿಂಜಿದ ಅರಳೆಯಂಥ ಬಿಳಿ ಗಷ್ಟು ಕೂತಿರಬೇಕಿತ್ತು. ಮೇಲಿನ ದ್ರವ ತಿಳಿಯಾಗಿದ್ದರೆ ಚಿಂತೆಯಿಲ್ಲ. ಈ ಬ್ಯಾಕ್ಟೀರಿಯಾ ಸರಪಳಿಗಟ್ಟಿಕೊಂಡು ಕೆಳಗಿಳಿಯುವ ಜಾತಿಯದು. ಆದರೆ ತಳವೂ ತಿಳಿಯಾಗಿತ್ತು. ಎರಡನೆಯ ನಳಿಗೆಯಲ್ಲೂ ಅದೇ.

ಜೋಗೇಶ್ವರಿಯ ಆ ಸಂಶೋಧನಾಲಯದಲ್ಲಿ ಡೀಪ್ ಫ್ರೀಜರ್ ಕೆಟ್ಟು ಸಂಗ್ರಹವೆಲ್ಲ ಕರಗಿಹೋದ ಮೇಲೆ, ಈ ಬ್ಯಾಕ್ಟೀರಿಯಾದ ಒಂದು ಅಪರೂಪದ ತಳಿಯದು ಉಳಿದದ್ದು ಒಂದೇ ಪುಟ್ಟ ಸೀಸೆ. ಕೀಲುನೋವಿನ ಜ್ವರದಿಂದ ಹೃದಯದ ಕವಾಟ ಹಾಳಾದ ಹುಡುಗಿಯೊಬ್ಬಳ ಗಂಟಲಿನಿಂದ ತೆಗೆದದ್ದು. ಔಷಧ ತಿಂದು ಗುಣವಾದ ಗಂಟಲಿನಿಂದ ಮತ್ತೆ ತರಲಾಗದು. ಅಲ್ಲಿನ ಸಂಶೋಧನಾ ವಿದ್ಯಾರ್ಥಿನಿ ಶ್ರಾವ್ಯಾಳ ಪಿಎಚ್‌ಡಿ ನಿಂತಿದ್ದು ಅದರ ಮೇಲೆಯೇ. ಸೀಸೆಯಲ್ಲಿದ್ದುದನ್ನೆಲ್ಲ ಆಕೆ ನಿನ್ನೆ ಈ ಎರಡು ನಳಿಗೆಗಳಿಗೆ ಸುರಿದಿದ್ದಳು. ನಳಿಗೆಗಳಲ್ಲಿದ್ದ ಪೋಷಕ ದ್ರವ ಚನ್ನಬಸಯ್ಯನವರ ಕೈಯದು.

ಬೈಲಹೊಂಗಲದಿಂದ ಬಂದು ಫೋರ್ಟ್ ಬಡಾವಣೆಯ ಔಷಧದಂಗಡಿಯೊಂದರಲ್ಲಿ ಬಾಟಲಿ ತೊಳೆಯುತ್ತಿದ್ದ ಅವರು, ಇಲ್ಲಿಯೂ ಗಾಜು ತೊಳೆಯಲೆಂದೇ ಸೇರಿದವರು. ನೋಡುತ್ತ ನೋಡುತ್ತ ಬ್ಯಾಕ್ಟೀರಿಯಾಗಳಿಗೆ ಊಟ ಸಿದ್ಧಪಡಿಸುವವರಾದರು. ಲಿಂಗಪೂಜೆಯಾಗದೆ ನೀರು ಮುಟ್ಟದ ಮನೆಯವರು, ಇಲ್ಲಿ ಮಾಂಸಸತ್ವದ ಪುಡಿಯನ್ನು ನೀರಿಗೆ ಕದಡುತ್ತಿದ್ದರು. ಎಲ್ಲರೂ ಅದನ್ನು ‘ಅಯ್ಯನೋರ ಸಾರು’ ಎನ್ನುತ್ತಿದ್ದರು.

ಹೋದ ತಿಂಗಳು ಆ ಸಾರಿಗೆ ಬೇರಾವುದೋ ಬ್ಯಾಕ್ಟೀರಿಯಾ ಹೊಕ್ಕಿತ್ತು. ಮುಖ್ಯಸ್ಥರು ಎಲ್ಲರೆದುರು ಒಂದು ಮಾತು ಅಂದರು. ಅಂದಿನಿಂದ ಚನ್ನಬಸಯ್ಯನವರಿಗೆ, ಒತ್ತಡದ ಹಬೆಯಲ್ಲಿ ಕುದಿಸುವ ಆಟೋಕ್ಲೇವಿನ ಒಂದು ಕುದಿ ಸಾಲದೆನ್ನಿಸತೊಡಗಿತು. ಮನೆಯಲ್ಲಿ ಹೆಂಡತಿ ಸುಂದ್ರವ್ವ ಹೋಳಿಗೆ ಸಾರನ್ನು ದಿನವೂ ಕುದಿಸಿ ಕುದಿಸಿ ಇಡುತ್ತಿದ್ದಳು. ಕೆಡುತ್ತಿರಲಿಲ್ಲ, ರುಚಿಯೇ ಏರುತ್ತಿತ್ತು. ಹಾಗೆಯೇ ಈ ಸಾರನ್ನೂ ಮತ್ತೊಮ್ಮೆ ಕುದಿಸಿದರು. ದ್ರವಕ್ಕೆ ಕಷಾಯದ ಬಣ್ಣ ಬಂದದ್ದನ್ನು ಕಂಡರು, ಕಂಡೂ ಶ್ರಾವ್ಯಾಳಿಗೆ ಕೊಟ್ಟರು. ಅದರಲ್ಲಿದ್ದ ಸಕ್ಕರೆ ಸುಟ್ಟು ಬ್ಯಾಕ್ಟೀರಿಯಾಕ್ಕೆ ವಿಷವಾಗಿರಬಹುದೆಂಬುದು, ಬರಿದಾದ ತಳ ನೋಡಿದ ಈ ಗಳಿಗೆಯಲ್ಲಿ ಹೊಳೆಯಿತು.

“ಎಂಥ ಮಾರಾಯ್ರೇ, ಮುಖ ಹಾಗೆ ಮಾಡಿದ್ದೀರಿ?” ಉಗ್ರಾಣದ ಕಿಶೋರ ಬಾಗಿಲಲ್ಲಿ ಇಣುಕಿದ. “ಸಾರು ಹಳಸಿತಾ? ಮಾಟುಂಗದಿಂದ ಇಡ್ಲಿ ತರಿಸ್ಲಾ, ಅದ್ದಿ ತಿನ್ಲಿಕ್ಕೆ?”

“ಚ್ಯಾಷ್ಟಿ ಬ್ಯಾಡೋ ತಮ್ಮಾ, ಇವತ್ತ ಬ್ಯಾಡ.”

ಸುಮ್ಮನಿದ್ದುಬಿಡಬಹುದಿತ್ತು. ಸೀಸೆಯಲ್ಲಿದ್ದುದೂ ಫ್ರೀಜರಿನಲ್ಲೇ ಸತ್ತಿತ್ತು ಎಂದರೆ ಯಾರೂ ಅನುಮಾನಿಸುತ್ತಿರಲಿಲ್ಲ. ಹಾಗಿರಲೂಬಹುದು, ಆ ಸಾಧ್ಯತೆಯೇ ಅವರನ್ನು ಹೆಚ್ಚು ಕಾಡಿತು.

ಶ್ರಾವ್ಯಾ ಬಂದವಳೇ ನಳಿಗೆಗಳನ್ನು ನೋಡಿ ತುಟಿ ಕಚ್ಚಿದಳು.

“ಕುಛ್ ನಹೀಂ, ಅಂಕಲ್. ಫ್ರೀಜರ್‌ನಲ್ಲೇ ಮರ್ ಗಯಾ ಹೋಗಾ. ಛೋಡೋ, ಡಿಸ್ಕಾರ್ಡ್ ಮಾಡ್ತೀನಿ.”

ಆಕೆ ತ್ಯಾಜ್ಯದ ಡಬ್ಬಿಯತ್ತ ತಿರುಗಿದಳು. ಚನ್ನಬಸಯ್ಯನವರು ಡಬ್ಬಿಗೆ ಕೈ ಅಡ್ಡ ಹಿಡಿದರು.

“ಚೆಲ್ಲಬ್ಯಾಡ್ರಿ ಮೇಡಮ್ಮಾರ. ಒಳಗ ಜೀವ ಇದ್ದರೂ ಇದ್ದೀತು. ಸಾರು... ನಾ ಎರಡ ಸಲ ಕುದಿಸೀನ್ರಿ.”

“ಎರಡು ಸಲ? ಕ್ಯೂಂ?”

“ಅಂಜಿಕಿ ಬಂದಿತ್ರಿ. ಹೋದ ತಿಂಗಳದ್ದು ಮತ್ತ ಆದೀತು ಅಂತ.”

“ಒಂದ್ ಸಲ ನನ್ಗೆ ಹೇಳ್ಬೇಕಿತ್ತಲ್ಲ, ಅಂಕಲ್! ಲಾಸ್ಟ್ ಸೀಸೆ ಅದು!”

ಆಕೆ ಡಬ್ಬಿಯಿಂದ ಈಚೆ ತಿರುಗಿದಳು. ನಳಿಗೆಗಳನ್ನು ಯಂತ್ರದಲ್ಲಿ ಗರಗರ ತಿರುಗಿಸಿ, ತಳಕ್ಕಿಳಿದಿರಬಹುದಾದ, ಕಣ್ಣಿಗೆ ಕಾಣದ ಅಷ್ಟನ್ನು ರಕ್ತ ಬೆರೆಸಿದ ಕೆಂಪು ತಟ್ಟೆಗಳ ಮೇಲೆ ಸವರಿ ಇನ್‌ಕ್ಯುಬೇಟರಿಗಿಟ್ಟಳು.

ಮರುದಿನ ಒಂದು ತಟ್ಟೆ ಬರಿದಾಗಿತ್ತು. ಇನ್ನೊಂದರ ಅಂಚಿನಲ್ಲಿ ಸೂಜಿಮೊನೆಯಷ್ಟು ಎರಡು ಚುಕ್ಕಿಗಳಿದ್ದವು. ಸುತ್ತಲಿನ ರಕ್ತ ಕರಗಿ ತಿಳಿಯಾದ ಉಂಗುರ ಬಿದ್ದಿತ್ತು. ಶ್ರಾವ್ಯಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಬಹಳ ಹೊತ್ತು ಕೂತಳು.

“ಚೈನ್ ಇದೆ ಅಂಕಲ್. ಸ್ಟ್ರೆಪ್ಟೋನೇ.”

“ನಮ್ಮದ ಐತೇನ್ರಿ? ಮೊದಲಿನದ?”

ಆಕೆ ತಟ್ಟೆಯನ್ನು ಬೆಳಕಿಗೆ ಹಿಡಿದಳು. “ನಮ್ದೇ ಇರ್ಬೇಕು. ಆದ್ರೆ ಕೋಟಿಗಟ್ಲೆ ಇದ್ದಿದ್ರಲ್ಲಿ ಸುಟ್ಟ ಸಾರು ತಾಳ್ಕೊಂಡು ಬದುಕಿದ್ದು ಇವೆರಡೇ. ಬಾಕಿಯವು ಹೇಗಿದ್ವೋ, ಕಿಸ್ಕೋ ಪತಾ? ಎಲ್ಲಾ ಮತ್ತೆ ಟೆಸ್ಟ್ ಮಾಡ್ಬೇಕು. ಥೀಸಿಸ್‌ನಲ್ಲಿ ಇದನ್ನೂ ಬರೀಬೇಕು. ಇಲ್ಲಾಂದ್ರೆ ಝೂಟ್ ಆಗುತ್ತೆ.”

“ಬರೀರಿ. ನನ್ನ ಕೈಲೆ ಆತು ಅಂತನ ಬರೀರಿ.”

“ಹೆಸರು ಹಾಕಲ್ಲ. ಕೆಲಸ ಹೋಗ್ಬೇಕಾ ನಿಮ್ದು? ಹೊಸ ಸಾರು ಮಾಡ್ಕೊಡಿ, ಜಾವ್.”

ಅವರು ಹೊಸದಾಗಿ ಪುಡಿ ತೂಗಿ, ಕದಡಿ, ಆಟೋಕ್ಲೇವಿಗೆ ಇಟ್ಟರು. ಒತ್ತಡ ಇಳಿದೊಡನೆ ಮುಚ್ಚಳ ತೆರೆದರು. ದ್ರವ ತೆಳು ಹಳದಿಯಾಗಿತ್ತು. ಇಷ್ಟು ಸಾಕಾಯಿತೇ, ಒಳಗೆ ಬೇರೆ ಬ್ಯಾಕ್ಟೀರಿಯಾ ಏನಾದರೂ ಉಳಿದಿದೆಯೇ, ಬಣ್ಣ ನೋಡಿ ಹೇಳಲಾಗದು. ಕೈ ಮತ್ತೆ ಗುಂಡಿಯತ್ತ ಹೋಯಿತು. ಹಿಂದೆಗೆದುಕೊಂಡರು.

“ಒಂದ ಸಲ ಅಷ್ಟ ಕುದ್ದೈತ್ರಿ,” ಎಂದು ನಳಿಗೆಗಳನ್ನು ಶ್ರಾವ್ಯಾಳ ಮುಂದಿಟ್ಟರು.

ಆಕೆ ತಂತಿಯ ಕುಣಿಕೆಯಿಂದ ಒಂದು ಚುಕ್ಕಿಯನ್ನು ಎತ್ತಿ ದ್ರವಕ್ಕೆ ಅದ್ದಿದಳು. ನಳಿಗೆ ಒಳಗೆ ಸೇರಿ ಇನ್‌ಕ್ಯುಬೇಟರಿನ ಬಾಗಿಲು ಮುಚ್ಚಿತು. ನಾಳೆಯವರೆಗೆ ಏನೂ ಕಾಣದೆಂದು ಗೊತ್ತಿದ್ದರೂ ಚನ್ನಬಸಯ್ಯನವರು ಆ ಸಂಜೆ ಮನೆಗೆ ಹೋಗುವ ತಮ್ಮ ಲೋಕಲ್ ರೈಲನ್ನು ಬಿಟ್ಟುಕೊಟ್ಟು, ಇನ್‌ಕ್ಯುಬೇಟರಿನೆದುರು ಸ್ಟೂಲ್ ಎಳೆದುಕೊಂಡು ಕೂತರು.