ಡ್ರೈವರ್ ಕಾಕಾನ ಬಲಗಾಲು

ಬೆನ್ನಿನ ಡಿಸ್ಕ್ ಆಪರೇಷನ್ ಆಗಿ ನಾನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಪಕ್ಕದ ಹಾಸಿಗೆಯಲ್ಲಿ ಶಿರಗುಪ್ಪಿಯ ಬಸ್ ಡ್ರೈವರ್ ಒಬ್ಬರಿದ್ದರು. ಅವರಿಗೂ ಅದೇ ಆಪರೇಷನ್. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಯಾರು ನೀರು ಕೊಡಲು ಹೋದರೂ, ಹೊದಿಕೆ ಸರಿಪಡಿಸಲು ಹೋದರೂ ಅವರ ಮಾತು ಒಂದೇ: “ಇರ್ಲಿ, ನಾ ಮಾಡ್ಕೋತೇನಿ.”

ಕಾಕಾನ ಸೊಂಟದಿಂದ ಕಾಲಿಗಿಳಿಯುತ್ತಿದ್ದ ಸೆಳೆತ ಹೋಗಿತ್ತು. ಆದರೆ ಬಲಪಾದದ ಜೋಮು ಬಿಟ್ಟಿರಲಿಲ್ಲ. ತಂಪು, ಬಿಸಿ ಏನೂ ತಿಳಿಯುತ್ತಿರಲಿಲ್ಲ. “ಬ್ರೇಕ್ ಹಾಕೂದು ಇದ ಕಾಲಿಲೆ,” ಎಂದು ಒಮ್ಮೆ ನನಗೆ ಹೇಳಿದರು. ಮಲಗಿದಲ್ಲೇ ಆ ಪಾದವನ್ನು ಗಾಳಿಯಲ್ಲಿ ಒತ್ತಿ ಒತ್ತಿ ನೋಡುತ್ತಿದ್ದರು.

ನಡೆಯಬೇಕು, ಆದರೆ ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಹೆಂಡತಿ, ಅಂದರೆ ನನ್ನ ಪಾಲಿನ ಕಾಕು, ಚಪ್ಪಲಿ ಹಾಕಲು ಬಂದರೆ ಕಾಕಾ ಒಪ್ಪದೆ, ಗೋಡೆ ಹಿಡಿದು ಬರಿಗಾಲಲ್ಲೇ ನಡೆಯುತ್ತಿದ್ದರು. ಕಾಕಾ ಮನೆಗೆ ಹೊರಡುವ ಬೆಳಿಗ್ಗೆ, ಊಟದ ಡಬ್ಬಿ ತೊಳೆದು ಬಂದ ಕಾಕು ಅವರ ಕಾಲ ಬಳಿ ಕುಳಿತೇಬಿಟ್ಟರು.

“ಮಂದಿ ಮುಂದ ಕಾಲ ಮುಟ್ಟಬ್ಯಾಡ. ನಾ ಮಾಡ್ಕೋತೇನಿ.”

“ಹೆಂಗ ಮಾಡ್ಕೋತೀರಿ? ನನ್ನ ಕೈ ಮುರದಾಗ ನೀವ ನನ್ನ ತಲಿ ಬಾಚಿದ್ರಿ. ನಾ ಬ್ಯಾಡ ಅಂದೆನೇನು? ಇತ್ತ ಕೊಡ್ರಿ ಕಾಲ.”

ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದ ಕಾಕಾ ನನ್ನತ್ತ ಒಮ್ಮೆ ನೋಡಿ, ಕಾಲು ಚಾಚಿದರು. ಕಾಕು ಬಲಪಾದ ಹಿಡಿದು, ಬೆರಳುಗಳನ್ನು ಚಪ್ಪಲಿಯೊಳಗೆ ಸೇರಿಸುತ್ತಿದ್ದಂತೆ ಕಾಕಾ ತಟ್ಟನೆ ಉಸಿರು ಬಿಗಿಹಿಡಿದರು.

“ನೋವಾತೇನ್ರಿ?”

“ಇಲ್ಲ. ನಿನ್ನ ಕೈ ತಣ್ಣಗದಾವು.”

ಕಾಕು ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಳ್ಳಹೋದರು.

“ತಗೀಬ್ಯಾಡ,” ಎಂದರು ಕಾಕಾ. “ಹಂಗ ಹಿಡಕೊಂಡಿರು.”