ಗುರುಪಾದಪ್ಪ ಅಂಕಲ್ ಹೊಡೆದ ಮೊಳೆಗಳು

ಗುರುಪಾದಪ್ಪ ಅಂಕಲ್‌ಗೆ ಖಾಲಿ ಗೋಡೆ ಕಂಡರೆ ಮೊಳೆ ಹೊಡೆಯುವ ಹುಚ್ಚು. ಹ್ಯೂಸ್ಟನ್ನಿನ ನಮ್ಮ ಹಳೇ ಕಟ್ಟಡದಲ್ಲಿ ಅವರ ಫ್ಲ್ಯಾಟ್ ಕೆಳಗೆ, ನನ್ನದು ಮೇಲೆ. ಭಾನುವಾರ ಬೆಳಿಗ್ಗೆ ಟಕ್ ಟಕ್ ಶುರುವಾದರೆ ಛತ್ರಿಗೋ ಕ್ಯಾಲೆಂಡರಿಗೋ ಕತ್ತರಿಗೋ ಇನ್ನೊಂದು ಮೊಳೆ ಬಿತ್ತೆಂದೇ ಲೆಕ್ಕ. ಹಿಲ್‌ಕ್ರಾಫ್ಟ್ ರಸ್ತೆಯ ಸೀರೆ ಅಂಗಡಿಯೊಂದರಲ್ಲಿ ಅವರು ರವಿಕೆ ಹೊಲಿಯುತ್ತಿದ್ದರು. ಹುಬ್ಬಳ್ಳಿಯಲ್ಲಿ ಅರ್ಧ ಆಯುಷ್ಯ ಬಾಡಿಗೆ ಮನೆಗಳಲ್ಲೇ ಕಳೆದವರು. “ಮಾಲಕ ಒಂದ ಮೊಳಿ ಹೊಡೀಲಿಕ್ಕೆ ಬಿಡ್ತಿದ್ದಿಲ್ರಿ. ದೇವರ ಫೋಟೋ ಸೈತ ನೆಲದ ಮ್ಯಾಲ ಕುಂತಿತ್ತು,” ಎನ್ನುತ್ತಿದ್ದರು.

ಫ್ಲ್ಯಾಟ್ ಅಗ್ಗಕ್ಕೆ ಸಿಕ್ಕಿದ್ದಕ್ಕೆ ಕಾರಣವಿತ್ತು. ಮನೆ ನಮ್ಮದು, ಕೆಳಗಿನ ನೆಲ ಒಂದು ಕಂಪನಿಯದು, ನಮಗೆ ಲೀಸಿಗೆ ಕೊಟ್ಟದ್ದು. ಲೀಸ್ ಮುಗಿದರೆ ಮನೆಯೂ ಕಂಪನಿಗೇ. ಅಂಕಲ್ ಇದನ್ನು ಹುಬ್ಬಳ್ಳಿಯ ಅರ್ಥದಲ್ಲಿ ತಿಳಿದುಕೊಂಡಿದ್ದರು. ಅಲ್ಲಿ ಲೀಸ್ ಎಂದರೆ ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವ ದಿನ ಗಂಟು ವಾಪಸ್ ಪಡೆಯುವುದು. ಮುಂದಿನ ವರ್ಷ ಲೀಸ್ ಮುಗಿಯುತ್ತದೆಂದು ಕಂಪನಿಯ ಪತ್ರ ಬಂದಾಗ ಓದಿ ಹೇಳಲು ನನ್ನನ್ನು ಕರೆದರು.

“ಮುಗೀಲಿ ಬಿಡ್ರಿ. ನಮ್ಮ ರೊಕ್ಕ ನಮಗ ಬರ್ತೈತಲ್ಲ?”

ಇಲ್ಲಿ ಯಾರೂ ಏನೂ ವಾಪಸ್ ಕೊಡುವುದಿಲ್ಲ ಎಂದೆ. ಪತ್ರವನ್ನು ಮೊದಲಿನಿಂದ ಇನ್ನೊಮ್ಮೆ ಓದಿಸಿದರು.

ಪತ್ರದಲ್ಲಿ ಒಂದು ದಾರಿಯಿತ್ತು. ಹದಿನೆಂಟು ಮನೆಯವರೂ ಸಹಿ ಹಾಕಿ ತಮ್ಮ ತಮ್ಮ ಪಾಲು ಕಟ್ಟಿದರೆ ಲೀಸ್ ಮೂವತ್ತು ವರ್ಷ ಮುಂದುವರಿಯುತ್ತಿತ್ತು. ಒಬ್ಬರು ತಪ್ಪಿದರೂ ಇಲ್ಲ. ಅಂಕಲ್ ಕಾಗದವನ್ನು ಅಳತೆ ಪುಸ್ತಕದೊಳಗಿಟ್ಟು ಕಂಕುಳಿಗೆ ಸಿಕ್ಕಿಸಿಕೊಂಡು ಮನೆ ಮನೆ ಹತ್ತಿದರು. ಅವರ ಇಂಗ್ಲಿಷ್ ಎರಡೇ ಮಾತು, ಪ್ಲೀಸ್ ಸೈನ್. ಬಾಗಿಲು ತೆರೆಯದವರಲ್ಲಿಗೆ ಮತ್ತೆ ಮತ್ತೆ ಹೋದರು. ಹದಿನೇಳು ಸಹಿ ಬಿದ್ದವು.

ಹದಿನೆಂಟನೆಯವನು ನಾನು. ಅಷ್ಟರಲ್ಲಿ ನನಗೆ ಆಸ್ಟಿನ್‌ನಲ್ಲಿ ಕೆಲಸ ಸಿಕ್ಕಿತ್ತು, ಅಲ್ಲೇ ಹತ್ತಿರದ ಲಿಯಾಂಡರ್‌ನಲ್ಲಿ ಹೊಸ ಮನೆ ನೋಡಿಟ್ಟಿದ್ದೆ. ಕಂಪನಿಗೆ ಕಟ್ಟಡ ಕೆಡವಿ ನೆಲ ಖಾಲಿ ಮಾಡಿಕೊಳ್ಳುವುದೇ ಬೇಕಿತ್ತು. ಅವರ ಕಡೆಯವನೊಬ್ಬ ಫೋನ್ ಮಾಡಿ, ಸಹಿ ಹಾಕದಿದ್ದರೆ ನನ್ನ ಫ್ಲ್ಯಾಟಿಗೆ ಒಳ್ಳೆಯ ಬೆಲೆ ಕೊಡುವುದಾಗಿಯೂ ಸಾಮಾನು ಸಾಗಿಸುವ ಲಾರಿ ಖರ್ಚೂ ತಮ್ಮದೇ ಎಂದೂ ಹೇಳಿದ. ಅಂಕಲ್ ಬಂದಾಗಲೆಲ್ಲ ‘ನೋಡೋಣ ಅಂಕಲ್’ ಎನ್ನುತ್ತ ಗಡುವು ದಾಟಿಸಿದೆ. ಮೋಸ ಎನ್ನುವುದು ಇದಕ್ಕೇ. ಬೇರೆ ಹೆಸರು ಹುಡುಕಿ ಸೋತಿದ್ದೇನೆ.

ಲೀಸ್ ಮುಗಿಯುವ ವಾರ ನನ್ನ ಸಾಮಾನು ಲಾರಿಗೇರಿಸಿ, ಹೇಳಿ ಹೋಗಲು ಕೆಳಗಿಳಿದೆ. ಅಂಕಲ್ ಡಾಲಸ್‌ಗೆ, ಮಗಳ ಬಾಡಿಗೆ ಮನೆಗೆ ಹೊರಟಿದ್ದರು. ಎರಡು ವರ್ಷದಲ್ಲಿ ಅಲ್ಲೇ ತೀರಿಕೊಂಡರಂತೆ; ನಾನು ಮತ್ತೆ ಅವರನ್ನು ನೋಡಲಿಲ್ಲ. ಅವತ್ತು ಅವರು ಸ್ಟೂಲಿನ ಮೇಲೆ ನಿಂತು ಒಂದೊಂದೇ ಮೊಳೆ ಕಿತ್ತು, ತೂತುಗಳಿಗೆ ಬಿಳಿ ಪುಟ್ಟಿ ತುಂಬಿ, ಬೆರಳಿನಿಂದ ಸವರುತ್ತಿದ್ದರು. ಕಟ್ಟಡವನ್ನೇ ಕೆಡವುತ್ತಾರಲ್ಲ ಅಂಕಲ್, ಯಾಕೆ ಈ ಕೆಲಸ ಎಂದೆ.

“ಗೊತ್ತೈತ್ರಿ. ಮಂದಿ ಮನಿ ಬಿಡೂ ಮುಂದ ಗ್ವಾಡಿ ಚಂದ ಮಾಡಿ ಬಿಡಬೇಕು,” ಎಂದರು. ಕಿಟಕಿಯಾಚೆ ನಿಂತಿದ್ದ ಲಾರಿ ನೋಡಿದರು. “ಲಾರಿ ರೊಕ್ಕ ಕಂಪನಿಯವರ ಕೊಟ್ರಂತಲ್ರಿ. ಚಲೋ ಆತು.”

ಅವರು ಸ್ಟೂಲಿನಿಂದ ಇಳಿದು, ಕಿತ್ತ ಮೊಳೆಗಳ ಡಬ್ಬಿಯನ್ನು ನನ್ನ ಕೈಗಿಟ್ಟರು.

“ನಿಮ್ಮದು ಸ್ವಂತ ಮನಿ. ಬೇಕಾಗ್ತಾವ, ತಗೋರಿ.”

ತೆಗೆದುಕೊಂಡೆ.